ಸರಿ ಎನ್ನುವವರಿಗೆ ಬ್ಯಾಡ ಕಲಿಸಿದ್ದು

ಹಾಡಿನಿಂದ, ಬಣ್ಣದಿಂದ ಕಾಯಿಲೆಯವರಿಗೆ ಗುಣವಾಗುತ್ತದೆಯೇ ಎಂದು ಕೇಳಿದರೆ ಆಗುತ್ತದೆ ಎಂದೇ ಹೇಳುತ್ತೇನೆ. ಹೇಗೆ ಎಂದು ಕೇಳಿದರೆ ಮಾತ್ರ ಒಂದೊಂದು ಸಲ ಒಂದೊಂದು ಉತ್ತರ ಕೊಡಬೇಕಾಗುತ್ತದೆ. ನಾವು ಒಂದು ಉದ್ದೇಶಕ್ಕೆ ಹಾಡಿಸಿದರೆ ಅದು ಬೇರೆಲ್ಲೋ ಹೋಗಿ ಕೆಲಸ ಮಾಡಿ ಬರುವುದು ನಮ್ಮ ಸೀಮೆಯಲ್ಲಿ ಮಾಮೂಲು.

ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ರಸ್ತೆಯ ಪಕ್ಕದಲ್ಲೇ, ಲಕ್ವ ಹೊಡೆದವರನ್ನು ನೋಡಿಕೊಳ್ಳುವ ಒಂದು ಸಣ್ಣ ಧರ್ಮಾರ್ಥ ಕೇಂದ್ರವಿತ್ತು. ಅಲ್ಲಿ ನಾನು ಬಹಳ ವರ್ಷ ರೋಗಿಗಳಿಗೆ ಕೈಕಾಲು ಆಡಿಸುವ ವ್ಯಾಯಾಮ ಹೇಳಿಕೊಡುತ್ತಿದ್ದೆ. ಇನ್ನು ಮುಂದೆ ವ್ಯಾಯಾಮದ ಜೊತೆಗೆ ಸಂಗೀತ ಮತ್ತು ಕಲೆಯನ್ನೂ ಕೊಡಬೇಕು ಎಂದು ಆಡಳಿತ ಮಂಡಳಿಯವರು ಒಮ್ಮೆ ತೀರ್ಮಾನಿಸಿದರು. ನನ್ನನ್ನು ಒಂದು ವಾರದ ತರಬೇತಿಗೆ ಬೆಂಗಳೂರಿಗೆ ಕಳಿಸಿದರು. ಹಿಂದಿರುಗುವಷ್ಟರಲ್ಲಿ ಮುರಿದ ಮಂಚಗಳನ್ನು ತುಂಬಿದ್ದ ಕೋಣೆಯನ್ನು ಖಾಲಿ ಮಾಡಿ, ತಿಳಿಹಸಿರು ಬಣ್ಣ ಬಳಿದು, ಒಂದು ಹಾರ್ಮೋನಿಯಂ, ಒಂದು ಟೇಪ್ ರೆಕಾರ್ಡರ್ ಇಟ್ಟಿದ್ದರು. ಕೋಣೆಯ ಬಾಗಿಲಿಗೆ ‘ಮನಃಶಾಂತಿ’ ಎಂದು ಬರೆಸಿದ್ದರು. ಜಾಗ ಸಾಲದೆ ಮುರಿದ ಮಂಚಗಳನ್ನು ನನ್ನ ಕೋಣೆಗೆ ಸಾಗಿಸಿದ್ದರು.

ಮಳೆ

ಮೊದಲ ದಿನ ತರಬೇತಿಯಲ್ಲಿ ಕೊಟ್ಟಿದ್ದ ಕ್ಯಾಸೆಟ್ಟು ಹಾಕಿದೆ. ಸಣ್ಣಗೆ ಮಳೆ ಸುರಿಯುವ ಸದ್ದು, ಅದರ ನಡುವೆ ಕೊಳಲು. ಕಣ್ಣು ಮುಚ್ಚಿಕೊಂಡು ಕೇಳಿದರೆ ಮೈಯೆಲ್ಲ ಹಗುರಾಗುತ್ತದೆ ಎಂದು ತರಬೇತಿ ಕೊಟ್ಟವರು ಹೇಳಿದ್ದರು. ಅವರು ಬೆಂಗಳೂರಿನವರು.

ನನ್ನ ಮುಂದೆ ಕೂತಿದ್ದ ಒಂಬತ್ತು ಜನರಲ್ಲಿ ಏಳು ಜನ ರೇಷ್ಮೆ ಹುಳ ಸಾಕುವ ಮನೆಯವರು. ನೆಂದ ಸೊಪ್ಪು ತಿಂದರೆ ಹುಳಕ್ಕೆ ಕಾಯಿಲೆ ಬೀಳುತ್ತದೆ. ಆದ್ದರಿಂದ ಮಳೆ ಎಂದರೆ ಆ ಮನೆಗಳಲ್ಲಿ ಮೊದಲು ಸೊಪ್ಪು ಒಳಗೆ ಬರಬೇಕು, ಮಕ್ಕಳು ಆಮೇಲೆ ಬಂದರೂ ನಡೆಯುತ್ತದೆ. ಕ್ಯಾಸೆಟ್ಟು ಶುರುವಾಗಿ ಎರಡು ನಿಮಿಷಕ್ಕೆ ಎಲ್ಲರ ಉಸಿರೂ ಜೋರಾಯಿತು. ಒಬ್ಬ ಅಜ್ಜಿಗೆ ಎಡಗಾಲು ಬಿದ್ದುಹೋಗಿತ್ತು. ನಾನು ಎರಡು ತಿಂಗಳು ಬೇಡಿಕೊಂಡರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಆಕೆ ಕಣ್ಣು ಬಿಟ್ಟವರೇ ಗೋಡೆ ಹಿಡಿದು ಎದ್ದು ನಿಂತರು.

“ಸೊಪ್ಪು ಹೊರಗೈತೆ ಕಣಪ್ಪ. ನನ್ನ ಸೊಸೆ ಮನಗಿರ್ತಾಳೆ” ಎಂದು ಬಾಗಿಲ ತನಕ ನಾಲ್ಕು ಹೆಜ್ಜೆ ನಡೆದರು. ಹೊರಗೆ ಬಿಸಿಲಿತ್ತು. ಅದನ್ನು ನೋಡಿ ಅಲ್ಲಿಯೇ ಕೂತುಬಿಟ್ಟರು.

ಸಂಗೀತದಿಂದ ಫಲ ಕಂಡುಬಂದಿದೆ ಎಂದು ನಾನು ವರದಿ ಬರೆದೆ. ಮಂಡಳಿಯವರು ಸಂತೋಷಪಟ್ಟು ಇನ್ನೊಂದು ಕ್ಯಾಸೆಟ್ಟು ಕಳಿಸಿದರು. ಅದರಲ್ಲಿ ಗುಡುಗೂ ಇತ್ತು.

ಸರಿ

ಆ ದಿನಗಳಲ್ಲೇ ಮಾಗಡಿ ರಸ್ತೆಯ ಒಂದು ಹಳ್ಳಿಯಿಂದ ಒಬ್ಬ ಯಜಮಾನರನ್ನು ಕರೆತಂದರು. ಅರವತ್ತರ ಆಸುಪಾಸು, ಎತ್ತರದ ಆಳು. ಬಲಗೈ, ಬಲಗಾಲು ಹೋಗಿತ್ತು. ಮಾತೂ ಹೋಗಿತ್ತು. ಉಳಿದದ್ದು ಒಂದೇ ಪದ, ‘ಸರಿ’. ಹಸಿವಾದರೂ ಸರಿ, ನೋವಾದರೂ ಸರಿ, ಹೆಂಡತಿಯ ಮೇಲೆ ಸಿಟ್ಟು ಬಂದರೂ ಸರಿ. ಒಳಗೆ ಬೇರೆ ಮಾತೇ ಇದ್ದು, ಬಾಯಿಗೆ ಬರುವಾಗ ಅದು ‘ಸರಿ’ ಆಗಿಬಿಡುತ್ತಿತ್ತು. ಲಕ್ವದಲ್ಲಿ ಹೀಗಾಗುವುದುಂಟು.

ಅವರ ಹೆಂಡತಿಯನ್ನು ನಾನು ಸಮಾಧಾನ ಮಾಡಲು ಹೋದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಮೂವತ್ತು ವರ್ಷದಲ್ಲಿ ನಾನು ಹೇಳಿದ್ದಕ್ಕೆ ಒಂದ್ಸಲನೂ ಸರಿ ಅಂದೋರಲ್ಲ ಸಾ. ಈಗ ಅದ್ನೇ ಅಂತವ್ರೆ. ಕಾಯ್ಲೆ ಜೋರಾಗೇ ಐತೆ ಅಂತ ಆಗ್ಲೇ ಗೊತ್ತಾಯ್ತು” ಎಂದರು.

ಪಾಸು, ಫೇಲು

ಕಲೆಯ ವಿಭಾಗಕ್ಕೆ ಚನ್ನಪಟ್ಟಣದಿಂದ ಒಬ್ಬ ಬೊಂಬೆ ಮೇಸ್ತ್ರಿಯನ್ನು ಒಪ್ಪಿಸಿ ಕರೆತಂದೆ. ತಿರುಗುವ ಮರದ ತುಂಡಿಗೆ ಅರಗಿನ ಬಣ್ಣದ ಕಡ್ಡಿ ಒತ್ತಿದರೆ ಬಣ್ಣ ಕರಗಿ ಹತ್ತುತ್ತದೆ, ಮೇಲೆ ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಕೈ ಸೋತವರಿಗೆ ಒಳ್ಳೆಯ ಅಭ್ಯಾಸ. ಮಾಡಿದ್ದು ಹೇಗಿದ್ದರೂ ಮೆಚ್ಚಬೇಕು, ಅದರಿಂದ ಮನಸ್ಸಿಗೆ ಧೈರ್ಯ ಬರುತ್ತದೆ ಎಂದು ಮೇಸ್ತ್ರಿಗೆ ಮೊದಲೇ ವಿವರಿಸಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು.

ಮೊದಲ ದಿನ ಎಲ್ಲರ ಕೈಯಲ್ಲೂ ಬುಗುರಿ ಮಾಡಿಸಿ, ಸಂಜೆ ಅವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಒಂದೊಂದನ್ನೇ ಫೇಲು ಮಾಡುತ್ತ ಬಂದರು. ಮೆಚ್ಚಬೇಕಾಗಿತ್ತಲ್ಲ ಎಂದು ನಾನು ಪಿಸುಗುಟ್ಟಿದೆ. ಮೆಚ್ಚಿದರೆ ಬುಗುರಿ ತಿರುಗುತ್ತದೆಯೇ ಎಂದು ಕೇಳಿದರು. ಕೊನೆಗೆ ಯಜಮಾನರು ಎಡಗೈಯಲ್ಲಿ ಮಾಡಿದ ಬುಗುರಿ ಬಂತು. “ಇದು ಅರಗಾ, ಗೋಡೆಗೆ ಬಳಿದ ಸುಣ್ಣವಾ?” ಎಂದರು ಮೇಸ್ತ್ರಿ.

ಯಜಮಾನರ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. “ಸರಿ” ಎಂದರು.

ಮೇಸ್ತ್ರಿ ಬುಗುರಿಯನ್ನು ಕೆಳಗಿಟ್ಟರು. “ನಲವತ್ತು ವರ್ಷದಿಂದ ಕೆಲಸ ಕಲಿಸ್ತಾ ಇದೀನಿ ಸಾರ್. ತಪ್ಪು ಹೇಳಿದ್ರೆ ಒಪ್ಕೊಂಡೋರು ಇವರೊಬ್ರೇ” ಎಂದು ಅವರನ್ನು ಪಾಸು ಮಾಡಿದರು.

ಮಗಳ ಕೋರಿಕೆ

ಯಜಮಾನರಿಗೆ ಒಬ್ಬಳೇ ಮಗಳು. ಕನಕಪುರದಲ್ಲಿ ಮೇಷ್ಟರ ತರಬೇತಿಯ ಮೊದಲ ವರ್ಷ ಓದುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಮುರಿದ ಮಂಚಗಳ ನಡುವೆ ನಿಂತು, ಅಪ್ಪನಿಗೆ ಒಂದು ಪದ ಕಲಿಸಿಕೊಡಿ ಎಂದಳು.

ಅಪ್ಪ, ಅಮ್ಮ, ನೀರು, ಅನ್ನ, ಹೀಗೆ ಕ್ರಮವಾಗಿ ಕಲಿಸುತ್ತೇವೆ ಎಂದೆ.

“ನೀರು ಅನ್ನ ಅವ್ರು ಕೇಳದಿದ್ರೂ ಕೊಡ್ತೀವಿ ಸಾರ್. ‘ಬ್ಯಾಡ’ ಅನ್ನೋದೊಂದು ಕಲಿಸಿ. ಮೂರು ವಾರದೊಳಗೆ.”

ಸಂಗತಿ ಹೀಗಿತ್ತು. ಓದು ಮುಗಿಯುವ ತನಕ ಮಗಳ ಮದುವೆಯ ಮಾತಿಲ್ಲ ಎಂದು ಯಜಮಾನರು ಚೆನ್ನಾಗಿದ್ದಾಗ ಹೇಳಿದ್ದರು. ಅವರು ಬಿದ್ದ ಮೇಲೆ ಹುಡುಗಿಯ ಸೋದರಮಾವ ಮಾಗಡಿ ಕಡೆಯ ಒಂದು ತೆಂಗಿನ ತೋಟದ ಮನೆಯ ಸಂಬಂಧ ತಂದರು. ಕೆಟ್ಟ ಮನುಷ್ಯರಲ್ಲ, ಮನೆಯ ಭಾರ ಹೊತ್ತುಕೊಂಡವರು. ಪದ್ಧತಿ ಪ್ರಕಾರ ಭಾವನನ್ನು ಕೇಳಿದರು. ಭಾವ ‘ಸರಿ’ ಎಂದರು. ಅನುಮಾನ ಬಂದು ಮತ್ತೆ ಕೇಳಿದರು. ಮತ್ತೆ ‘ಸರಿ’ ಎಂದರು. ಎಡಗೈ ಬೀಸಿದ್ದನ್ನು ಆಶೀರ್ವಾದ ಎಂದುಕೊಂಡರು. ಕಣ್ಣಲ್ಲಿ ನೀರು ಬಂದದ್ದನ್ನು ಹೆಣ್ಣು ಕಳಿಸುವ ತಂದೆಯ ಸಂಕಟ ಎಂದುಕೊಂಡರು. ಮದುವೆಯ ಮಾತು ಗಟ್ಟಿ ಮಾಡುವ ವೀಳ್ಯಶಾಸ್ತ್ರಕ್ಕೆ ಮೂರು ವಾರದಲ್ಲಿ ದಿನ ಗೊತ್ತು ಮಾಡಿದರು.

ನೀನೇ ಬೇಡ ಎನ್ನಬಾರದೆ ಎಂದು ಹುಡುಗಿಯನ್ನು ಕೇಳಿದೆ. ಹೇಳಿದ್ದಳಂತೆ. ಮಾತಾಡಲಾರದ ಅಪ್ಪನೇ ಬಾಯಿಬಿಟ್ಟು ಒಪ್ಪಿರುವಾಗ ನಿನ್ನದೇನು ಎಂದರಂತೆ.

ಹೂವಿನ ಹಾರ

ಮಾತು ಹೋದವರಿಗೂ ಹಳೆಯ ಹಾಡು ಉಳಿದಿರುತ್ತದೆ, ಹಾಡಿನ ದಾರಿಯಲ್ಲಿ ಮಾತನ್ನು ಹೊರಗೆ ತರಬಹುದು ಎಂದು ತರಬೇತಿಯಲ್ಲಿ ಹೇಳಿದ್ದರು. ಯಜಮಾನರು ಹಾಡುತ್ತಿದ್ದರೇ ಎಂದು ವಿಚಾರಿಸಿದೆ. ಹಾಡುವುದೇನು, ಅವರು ಭಜನೆ ಮೇಳದ ಮುಂದಾಳು ಎಂದು ತಿಳಿಯಿತು. ಆದರೆ ಶನಿವಾರದ ದೇವಸ್ಥಾನದ ಭಜನೆಗೆ ಬೇರೆಯವರಿದ್ದರು. ಇವರು ಸಾವಿನ ಮನೆಗೆ ಮೀಸಲು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಣ ಎತ್ತುವ ತನಕ ಭಜನೆ ನಡೆಯಬೇಕು. ಎತ್ತುವ ಹೊತ್ತಿನ ಹಾಡನ್ನು, ನಮ್ಮ ಮಾತಿನಲ್ಲಿ ಪದವನ್ನು, ಸುತ್ತಲಿನ ಇಪ್ಪತ್ತು ಹಳ್ಳಿಗಳಲ್ಲಿ ಇವರ ಹಾಗೆ ಹೇಳುವವರಿರಲಿಲ್ಲ.

ಜೊತೆಯಲ್ಲಿ ತಾಳ ಹಾಕುತ್ತಿದ್ದ ಗೆಳೆಯರನ್ನು ಕರೆಸಿದೆ. ಅವರು ಪಕ್ಕದಲ್ಲಿ ಕೂತು ತಾಳ ಹಿಡಿದು, ಹೋಗುವ ಜೀವಕ್ಕೆ ಹೇಳುವ ಆ ಪದ ಎತ್ತಿದರು: “ತಿರುಗಿ ನೋಡ...” ಅಲ್ಲಿಗೆ ನಿಲ್ಲಿಸಿದರು.

“...ಬ್ಯಾಡ” ಎಂದರು ಯಜಮಾನರು.

“ಬಾಗಿಲ ಹಿಡೀ...”

“...ಬ್ಯಾಡ.”

ಆಮೇಲೆ ಇಡೀ ಪದ ಹರಿದುಬಂತು. ನಾಲ್ಕು ತಿಂಗಳಿಂದ ಮುಚ್ಚಿದ್ದ ಗಂಟಲು ಒಂದು ಅಕ್ಷರವನ್ನೂ ತಪ್ಪಲಿಲ್ಲ. ತಾಳದವರು ಅಳುತ್ತಲೇ ತಾಳ ಹಾಕಿದರು. ನನಗೂ ಕಣ್ಣು ತುಂಬಿತು.

ಕೋಣೆಯ ಬಾಗಿಲು ತೆರೆದೇ ಇತ್ತೆಂಬುದು ಆಮೇಲೆ ಗೊತ್ತಾಯಿತು. ವಾರ್ಡಿನಲ್ಲಿ ಊಟ ಮಾಡಿಸುತ್ತಿದ್ದ ಮನೆಯವರೆಲ್ಲ ತಟ್ಟೆ ಕೆಳಗಿಟ್ಟು ತಮ್ಮ ತಮ್ಮವರ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದರು. ಅಷ್ಟರಲ್ಲಿ ಎದುರಿನ ಹೂವಿನ ಅಂಗಡಿಯವರು ಒಂದು ದೊಡ್ಡ ಸೇವಂತಿಗೆ ಹಾರ ಹಿಡಿದು ಒಳಗೆ ಬಂದು ಯಾರು ಎಂದು ಕೇಳಿದರು. ಯಾರೂ ಇಲ್ಲ, ಎಲ್ಲರೂ ಚೆನ್ನಾಗಿದ್ದಾರೆ ಎಂದೆ.

ಅವರು ಹಾರವನ್ನು ಕೆಳಗಿಡಲಿಲ್ಲ. “ಇನ್ನೆಷ್ಟೊತ್ತು ಆಗ್ಬೋದು ಸಾ?” ಎಂದರು.

ಹೊಲದ ಪಾಠ

ಹಾಡಿನಲ್ಲಿ ಬಂದ ‘ಬ್ಯಾಡ’ ಹಾಡಿನ ಹೊರಗೆ ಬರಲಿಲ್ಲ. ಕಾಫಿ ಬೇಕೇ ಎಂದು ಕೇಳಿದೆ, ‘ಸರಿ’ ಎಂದರು. ಅವರು ಕಾಫಿಗೆ ಎಂದೂ ಬೇಡ ಎಂದವರಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇಂಜೆಕ್ಷನ್ ಕೊಡಿಸಲೇ ಎಂದೆ. ‘ಸರಿ’ ಎಂದು ತೋಳು ಮುಂದೆ ಮಾಡಿದರು, ಕಣ್ಣಲ್ಲಿ ನನ್ನನ್ನು ಬೈಯುತ್ತಲೇ. ಪದದ ಮೊದಲರ್ಧವನ್ನು ಯಾರಾದರೂ ಹಾಡಿಕೊಟ್ಟರೆ ಮಾತ್ರ ಉಳಿದರ್ಧ ಬರುತ್ತಿತ್ತು.

ದಿನಾ ಅಭ್ಯಾಸವಾಗಬೇಕು ಎಂದು ಹೇಳಿ ಮನೆಗೆ ಕಳಿಸಿದೆ. ಮನೆಯೊಳಗೆ ಆ ಪದ ಎತ್ತಲು ಹೆಂಡತಿ ಬಿಡಲಿಲ್ಲ. ಕುಂಕುಮ ಇಟ್ಟುಕೊಂಡ ನನ್ನ ಮುಂದೆ ನನ್ನ ಗಂಡನೇ ಅದನ್ನು ಹಾಡಿದರೆ ಹೇಗೆ ಎಂದು ಕೇಳಿದರು. ಕೊನೆಗೆ ಊರ ಹೊರಗಿನ ಹಿಪ್ಪುನೇರಳೆ ಹೊಲದಲ್ಲಿ ಕುರ್ಚಿ ಹಾಕಿ, ಕಾಲೇಜಿಗೆ ರಜೆ ಹಾಕಿ ಬಂದಿದ್ದ ಮಗಳೇ ದಿನಾ ಬೆಳಿಗ್ಗೆ ಹಾಡಿಸತೊಡಗಿದಳು. ಅಪ್ಪನ ಎಡಮಂಡಿಯ ಮೇಲೆ ತಾಳ ತಟ್ಟಿ ಅರ್ಧ ಇವಳು, ಅರ್ಧ ಅವರು.

ಸುತ್ತಲಿನ ಹೊಲದವರು ಪದ ಕೇಳಿದ ಕೂಡಲೇ ಗುದ್ದಲಿ ಬಿಟ್ಟು, ತಲೆಯ ವಸ್ತ್ರ ತೆಗೆದು ನಿಲ್ಲುತ್ತಿದ್ದರು. ಅಭ್ಯಾಸ ಎಂದು ಹೇಳಿದರೂ ಮನಸ್ಸು ಒಪ್ಪದೆ, ಮುಗಿದ ಮೇಲೆ ಹೋಗಿ ತಲೆಗೆ ನೀರು ಹಾಕಿಕೊಂಡೇ ಕೆಲಸಕ್ಕೆ ಮರಳುತ್ತಿದ್ದರು. ಆ ದಿನಗಳಲ್ಲಿ ಅವರಷ್ಟು ಶುಭ್ರವಾಗಿ ಬೇಸಾಯ ಮಾಡಿದವರು ತಾಲ್ಲೂಕಿನಲ್ಲಿಯೇ ಇರಲಾರರು.

ವೀಳ್ಯ

ವೀಳ್ಯಶಾಸ್ತ್ರದ ದಿನ ನನ್ನನ್ನೂ ಕರೆದಿದ್ದರು. ಯಜಮಾನರ ಪಕ್ಕದಲ್ಲಿ ಕೂತು, ಸಮಯ ಬಂದಾಗ ಪದದ ಮೊದಲರ್ಧ ಎತ್ತಿಕೊಡುವುದು ನನ್ನ ಕೆಲಸ ಎಂದು ಹುಡುಗಿಯೂ ನಾನೂ ಮಾತಾಡಿಕೊಂಡಿದ್ದೆವು. ಅಂಗಳದಲ್ಲಿ ಜಮಖಾನ ಹಾಸಿತ್ತು. ಒಂದು ಕಡೆ ಗಂಡಿನವರು, ಒಂದು ಕಡೆ ಹೆಣ್ಣಿನವರು, ನಡುವೆ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆಗಳು. ತಟ್ಟೆ ಬದಲಾದರೆ ಮಾತು ಮುಗಿದಂತೆ.

ಊರ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು ಕೇಳಿದರು. “ಯಜಮಾನ್ರೆ, ನಿಮ್ಮ ಮಗಳ್ನ ಈ ಮನೆಗೆ ಕೊಡಕ್ಕೆ ನಿಮ್ಮ ಒಪ್ಗೆ ಐತಾ?”

ಯಜಮಾನರು ಬಾಯಿ ತೆರೆದರು. “ಸರಿ” ಎಂದರು.

ಹೆಂಗಸರು ತಟ್ಟೆ ಎತ್ತಿದರು. ನಾನು ಹಾಡಬೇಕಾಗಿತ್ತು. ಐವತ್ತು ಜನರ ಮುಂದೆ, ಅಂಥ ದಿನ, ಅಂಥ ಪದವನ್ನು ಎತ್ತಲು ನನ್ನ ನಾಲಿಗೆ ಏಳಲಿಲ್ಲ. ಲಕ್ವ ಇಲ್ಲದವರಿಗೂ ಮಾತು ಹೋಗುತ್ತದೆ ಎಂದು ಆವತ್ತು ತಿಳಿಯಿತು.

ಒಳಗಿನಿಂದ ಹುಡುಗಿ ಹೊರಗೆ ಬಂದಳು. ಹೊಸ ರೇಷ್ಮೆ ಸೀರೆ, ತಲೆ ತುಂಬ ಹೂವು. ಅಪ್ಪನ ಎದುರು ಕೂತು ಎಡಮಂಡಿಯ ಮೇಲೆ ತಟ್ಟಿ, “ತಿರುಗಿ ನೋಡ...” ಎಂದಳು.

“...ಬ್ಯಾಡ.”

ಅಂಗಳದಲ್ಲಿ ತಟ್ಟೆಗಳ ಸದ್ದು ನಿಂತಿತು. ಯಜಮಾನರು ತಟ್ಟೆಯನ್ನೇ ನೋಡುತ್ತ ಪದವನ್ನು ಕೊನೆಯ ತನಕ ಹೇಳಿದರು. ಪ್ರತಿ ‘ಬ್ಯಾಡ’ಕ್ಕೂ ಎಡಗೈ ಎತ್ತಿ ಒಬ್ಬೊಬ್ಬರತ್ತ ತೋರಿಸಿದರು. ಆ ಪದಕ್ಕೆ ಕೂತು ಕೇಳುವ ರೂಢಿಯಿಲ್ಲ. ಗಂಡಿನವರು ಒಬ್ಬೊಬ್ಬರಾಗಿ ಎದ್ದು ನಿಂತರು. ವಾದ್ಯದವರೂ ಎದ್ದರು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಒಳಗೆ ಇಣುಕಿ, ಚಪ್ಪಲಿ ಬಿಟ್ಟು ತಲೆ ಬಗ್ಗಿಸಿ ನಿಂತರು. ಮುಗಿದ ಮೇಲೆ ತಟ್ಟೆ ಮುಟ್ಟುವ ಧೈರ್ಯ ಎರಡು ಕಡೆಯವರಿಗೂ ಬರಲಿಲ್ಲ.

ಸೋದರಮಾವ ಬಂದು ಭಾವನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. “ಇಷ್ಟ ಇಲ್ಲ ಅಂದಿದ್ರೆ ಮೊದ್ಲೇ ಒಂದ್ ಮಾತು ಹೇಳ್ಬಾರದಾಗಿತ್ತಾ ಭಾವ?” ಎಂದರು.

ಗಂಡಿನವರು ಜಗಳವಾಡದೆ ಹೊರಟರು. ಎಲ್ಲರೂ ವ್ಯಾನು ಹತ್ತಿದ ಮೇಲೆ ಹುಡುಗನ ದೊಡ್ಡಪ್ಪ ಒಬ್ಬರೇ ಹಿಂದಿರುಗಿ ಬಂದರು. ಇನ್ನೇನು ಬೈಗುಳವೋ ಎಂದು ನಾನು ಎದ್ದು ನಿಂತೆ. ಅವರು ಆಚೆ ಈಚೆ ನೋಡಿ, ಯಜಮಾನರ ಪಕ್ಕಕ್ಕೆ ಬಗ್ಗಿ, ಮೆಲ್ಲಗೆ ಹೇಳಿದರು.

“ಸಂಬಂಧ ಆಗ್ನಿಲ್ಲ, ಹೋಗ್ಲಿ ಬುಡಿ. ನಮ್ಮಪ್ಪ ಹಾಸ್ಗೆ ಹಿಡ್ದು ಮೂರು ತಿಂಗ್ಳಾಯ್ತು. ಇವತ್ತೋ ನಾಳೆಯೋ ಅನ್ನಂಗವ್ರೆ. ಇಂಥ ಗಂಟ್ಲು ನಮ್ಮ ಕಡೆ ಇಲ್ಲ. ಹೇಳ್ ಕಳಿಸಿದ್ರೆ ಒಸಿ ಬಂದೋಗೀರಾ?”

ಅವರು ಹೀಗೆ ಕೇಳಿದರೆ ಉತ್ತರಿಸುವ ಸ್ಥಿತಿಯಲ್ಲಿಲ್ಲ, ಅವರ ಮಗಳನ್ನು ಕೇಳಿ ಎಂದು ನಾನು ವಿವರಿಸುತ್ತಿದ್ದೆ. ಹುಡುಗಿ ನನ್ನ ಕೈ ಹಿಡಿದು ನಿಲ್ಲಿಸಿದಳು.

ಯಜಮಾನರು ದೊಡ್ಡಪ್ಪನ ಮುಖವನ್ನು ನೆಟ್ಟಗೆ ನೋಡುತ್ತಿದ್ದರು. ಯಾರೂ ಎತ್ತಿಕೊಟ್ಟಿರಲಿಲ್ಲ, ಯಾರೂ ಮಂಡಿ ತಟ್ಟಿರಲಿಲ್ಲ.

“ಬತ್ತೀನಿ” ಎಂದರು.