ಡಾಕ್ಟರಲ್ಲದ ನಮ್ಮ ಕಿವಿ ಡಾಕ್ಟರು

ನನ್ನ ತಂಗಿಯ ಮಗನಷ್ಟು ಓದಿಕೊಂಡು, ಅವನಷ್ಟು ಸಲ ‘ಅದು ನನ್ನ ಕೆಲಸವಲ್ಲ’ ಎನ್ನುವ ಮನುಷ್ಯ ಕಡೂರಿನಿಂದ ಅಜ್ಜಂಪುರದವರೆಗೆ ಇನ್ನೊಬ್ಬನಿದ್ದರೆ ನನಗೆ ತೋರಿಸಿ. ಅವನು ಆಡಿಯಾಲಜಿಸ್ಟ್. ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಕ್ಲಿನಿಕ್. ಕಿವಿ ಎಷ್ಟು ಕೇಳುತ್ತದೆಂದು ಟೆಸ್ಟ್ ಮಾಡುತ್ತಾನೆ, ಮೆಷಿನ್ ಕೂರಿಸುತ್ತಾನೆ. ಮಾತ್ರೆ, ಇಂಜೆಕ್ಷನ್ನು, ಆಪರೇಷನ್ನೆಲ್ಲ ಡಾಕ್ಟರದು. ಕಾನೂನು ಹಾಗಿದೆಯಂತೆ. ಇರಲಿ, ಆದರೆ ಅದನ್ನು ನೆಂಟರ ಮೇಲೂ ಪ್ರಯೋಗಿಸಿದರೆ ಹೇಗೆ?

ಅವನ ಮದುವೆಯಲ್ಲೇ ಶುರುವಾಯಿತು. ಇನ್ವಿಟೇಷನ್ನಿನಲ್ಲಿ ಅವನ ಹೆಸರಿನ ಮೊದಲಿಗೆ ‘ಡಾ.’ ಎಂದು ನನ್ನ ತಂಗಿ ಆಸೆಪಟ್ಟು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸಿದ್ದಳು. ಇವನು ನೆಲದ ಮೇಲೆ ಕೂತು ಒಂದೊಂದು ಕಾರ್ಡಿನಲ್ಲೂ ಅದನ್ನು ಕಪ್ಪು ಪೆನ್ನಿನಿಂದ ಹೊಡೆದುಹಾಕಿದ.

“ಸೂತಕದ ಕಾಗದ ಕಂಡಂಗೆ ಕಾಣ್ತದಲ್ಲೋ,” ಎಂದು ತಂಗಿ ಅತ್ತಳು.

“ಇದನ್ನ ನೋಡ್ಕೊಂಡು ಯಾರಾದ್ರೂ ಔಷಧಿಗೆ ಬಂದ್ರೆ ಏನಮ್ಮ ಮಾಡ್ಲಿ?”

ಹುಡುಗ ಪರೀಕ್ಷೆಯಲ್ಲಿ ಫೇಲಾದನೇ ಎಂದು ಬೀಗರು ನನಗೇ ಫೋನ್ ಮಾಡಿದರು.

ಅಜ್ಜಂಪುರದ ನೆಂಟರೊಬ್ಬರು ಕಿವಿ ಸೋರುತ್ತದೆ, ಡ್ರಾಪ್ಸ್ ಬರೆದುಕೊಡು ಎಂದು ಬಂದರು.

“ನಾನು ಬರೆಯಂಗಿಲ್ಲ ಮಾವ. ಇಎನ್‌ಟಿ ಡಾಕ್ಟರಿಗೆ ಲೆಟರ್ ಕೊಡ್ತೀನಿ.”

“ಲೇ, ಮೆಡಿಕಲ್ ಶಾಪಿನೋನು ಏನೂ ಕೇಳ್ದೆ ಕೊಡ್ತಾನಲ್ಲೋ.”

“ಅವನೂ ಕೊಡಂಗಿಲ್ಲ ಮಾವ.”

ಎಮ್ಮೆದೊಡ್ಡಿಯ ರೈತರೊಬ್ಬರು ಕರೆದರೆ ತಿರುಗದ ಹೋರಿಯನ್ನು ಗಾಡಿಯಲ್ಲಿ ಹೇರಿಕೊಂಡು ತಂದಾಗ, ದನದ ಡಾಕ್ಟರಿಗೂ ರೆಫರಲ್ ಲೆಟರ್ ಬರೆದ. ಪೇಷಂಟಿನ ಜಾಗದಲ್ಲಿ ಹೋರಿಯ ಹೆಸರು, ವಯಸ್ಸು!

ಇಂಥವನ ಕೈಗೆ ನಮ್ಮ ಯಜಮಾನರ ಕಿವಿ ಸಿಕ್ಕಿತು. ಇಎನ್‌ಟಿ ಡಾಕ್ಟರು, ವಯಸ್ಸಿನದು, ಔಷಧಿಯಿಲ್ಲ ಎಂದರು. ಇವನು ಮೆಷಿನ್ ಹಾಕಿದ. “ಸದ್ದು ಬರ್ತದೆ ಕಣೇ, ಮಾತು ಬರಲ್ಲ,” ಎಂದರು ಯಜಮಾನರು. ಮೊದಮೊದಲು “ಏನು? ಏನು?” ಎನ್ನುತ್ತಿದ್ದವರು, ಆಮೇಲೆ ಕೇಳುವುದನ್ನೂ ಬಿಟ್ಟು ಎಲ್ಲಕ್ಕೂ ತಲೆಯಾಡಿಸತೊಡಗಿದರು. ನಮ್ಮಿಬ್ಬರ ನಡುವೆ ಮಾತೇ ನಿಂತುಹೋಗುತ್ತದೆಂದು ನನಗೆ ಹೆದರಿಕೆ ಹುಟ್ಟಿತು.

“ಒಂದು ಟಾನಿಕ್ಕಾದರೂ ಕೊಡೋ,” ಎಂದು ಫೋನಿನಲ್ಲಿ ಅವನನ್ನು ಬೇಡಿಕೊಂಡೆ.

“ಅದು ನಂದಲ್ಲ ದೊಡ್ಡಮ್ಮ. ನಂದು ಅನ್ನೋದು ಬೇರೆ ಇದೆ. ಬತ್ತೀನಿ.”

ಬಂದ. ಟೀವಿ ಆರಿಸಿದ. ಎಂದಿನಂತೆ ಮಾತಾಡಿ ಎಂದ. ನಾನು ಅಡುಗೆಮನೆಯಿಂದ, “ಕಾಫಿಗೆ ಸಕ್ಕರೆ ಹಾಕ್ಲಾ?” ಎಂದು ಕೂಗಿದೆ. ಯಜಮಾನರು ತಲೆಯಾಡಿಸಿದರು. ಅವರಿಗೆ ಶುಗರ್ ಇದೆ.

“ನೋಡಿದ್ರಾ? ಮೆಷಿನ್ ಕೊಡೋದು ಇಷ್ಟೇ ದೊಡ್ಡಮ್ಮ. ಉಳಿದಿದ್ದನ್ನ ದೊಡ್ಡಪ್ಪ ನಿಮ್ಮ ಮುಖ ನೋಡಿ ತಿಳ್ಕೋಬೇಕು. ಎದುರಿಗೆ ಕೂತ್ಕೊಳ್ಳಿ. ಕೂಗ್ಬೇಡಿ, ನಿಧಾನಕ್ಕೆ ಮಾತಾಡಿ.”

ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ತೆಗೆದುಕೊಂಡ ನನಗೆ, ಮಾತಾಡುವುದು ಹೇಗೆಂದು ಈ ವಯಸ್ಸಿನಲ್ಲಿ ಪಾಠ! ಕಿಟಕಿಯ ಬೆಳಕು ನನ್ನ ಮುಖಕ್ಕೆ ಬೀಳುವಂತೆ ಎರಡು ಕುರ್ಚಿ ಎದುರುಬದುರು ಹಾಕಿ, ಕಾಫಿಯನ್ನೂ ಕುಡಿಯದೆ ಹೊರಟುಹೋದ.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೂತ ಹಾಗೆ ನಾವಿಬ್ಬರೂ ಕೂತೆವು. ಯಜಮಾನರು ಬಹಳ ಹೊತ್ತು ನನ್ನ ತುಟಿಯನ್ನೇ ನೋಡುತ್ತಿದ್ದರು.

“ಇಲ್ಲೊಂದು ಮಚ್ಚೆ ಇದೆಯಲ್ಲೇ. ಯಾವಾಗ ಬಂತು?”

“ಮದುವೆಗೆ ಮುಂಚಿನಿಂದಲೂ ಇದೆ,” ಎಂದೆ, ನಿಧಾನಕ್ಕೆ.

ಅವರಿಗೆ ಕೇಳಿಸಿತು. “ಹೌದಾ,” ಎಂದು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.