ಸ್ಕೀ ಗುಡ್ಡದ ಕೆಳಗೊಂದು ಬೂದುಗುಂಬಳ

ಮನುಷ್ಯ ಏನನ್ನು ಬೇಕಾದರೂ ಹಂಚಿಕೊಂಡಾನು, ತನ್ನ ಮನೆಯ ಮುಂದಿನ ರಸ್ತೆಯನ್ನು ಮಾತ್ರ ಹಂಚಿಕೊಳ್ಳಲಾರ. ಅದು ಸರ್ಕಾರದ್ದೆಂದು ಗೊತ್ತಿದ್ದರೂ ಅಲ್ಲಿ ಬೇರೆಯವರ ಕಾರು ನಿಂತರೆ, ಯಾರೋ ನನ್ನ ಊಟದ ತಟ್ಟೆಗೆ ಕೈ ಹಾಕಿದ ಹಾಗಾಗುತ್ತದೆ. ಪಾರ್ಸಿಪನಿ ಪಟ್ಟಣದ ಬಾಡಿಗೆ ಮನೆಯಲ್ಲಿ ಪಾರ್ಕಿಂಗಿಗೆ ಒದ್ದಾಡಿ ಸಾಕಾಗಿಯೇ ನಾವು ನ್ಯೂಜೆರ್ಸಿಯ ಉತ್ತರದ ತುದಿಯಲ್ಲಿ, ಜನ ಹಿಮದಲ್ಲಿ ಜಾರಿ ಆಡುವ ಒಂದು ಸ್ಕೀ ಗುಡ್ಡದ ಬುಡದ ಪುಟ್ಟ ಊರಿನಲ್ಲಿ ಮನೆ ಕೊಂಡದ್ದು. ನನಗೆ ಸ್ಕೀ ಬರುವುದಿಲ್ಲ. ಹಿಮದ ಮೇಲೆ ಕಸದ ಡಬ್ಬಿ ಎಳೆದುಕೊಂಡು ಹೋಗಿ ಬೀಳದೆ ವಾಪಸು ಬಂದರೆ ಅದೇ ನನ್ನ ಸಾಹಸ.

ಹೀಗಿರುವಾಗ ಆ ಗುಡ್ಡ ನಡೆಸುವ ರೆಸಾರ್ಟಿನವರು ತಮ್ಮ ಪಾರ್ಕಿಂಗ್ ಜಾಗದಲ್ಲೇ ಹೋಟೆಲ್ ಕಟ್ಟಲು ಹೊರಟರು. ಹಾಗಾದರೆ ಸ್ಕೀ ಮಾಡಲು ಬರುವವರ ಕಾರುಗಳೆಲ್ಲ ಎಲ್ಲಿ ನಿಲ್ಲಬೇಕು? ನಮ್ಮ ರಸ್ತೆಯಲ್ಲಿ! ನಾನು ಕೆರಳಿದೆ. ಹುಟ್ಟಿದಾಗಿನಿಂದ ಇದೇ ಊರಿನಲ್ಲಿರುವ ಪಕ್ಕದ ಮನೆಯ ಅಜ್ಜಿ ಡೊರೊತಿ ಇನ್ನೂ ಕೆರಳಿದರು. "ಹೋಟೆಲಿಗೆ ಅನುಮತಿ ಕೊಡುವ ಟೌನ್‌ಶಿಪ್ ಮೀಟಿಂಗಿಗೆ ಬಾ, ನನ್ನ ಹತ್ತಿರ ಸಾಕ್ಷಿ ಇದೆ," ಎಂದರು. ನಾನು ಮೊದಲ ಸಾಲಿನಲ್ಲಿ ಅವರ ಪಕ್ಕದಲ್ಲೇ ಎದೆಯುಬ್ಬಿಸಿ ಕೂತೆ. ನನ್ನ ಹೆಂಡತಿ ವೀಣಾ ಧಾರವಾಡದವಳು. ತಮಾಷೆ ನೋಡಲೆಂದೇ ಬಂದಿದ್ದಳು.

ರೆಸಾರ್ಟಿನ ವಕೀಲರು ಬಣ್ಣದ ನಕ್ಷೆ ತೋರಿಸಿ ಕೂತ ಮೇಲೆ ಡೊರೊತಿ ಎದ್ದು, ತಮ್ಮ ಮಹಡಿಯ ಕಿಟಕಿಯಿಂದ ತೆಗೆದ ಫೋಟೋವನ್ನು ಪರದೆಗೆ ಹಾಕಿಸಿದರು. ರಸ್ತೆಯ ಎರಡೂ ಬದಿ, ಹುಲ್ಲಿನ ಮೇಲೆ, ತಿರುವಿನಾಚೆಗೂ ಕಾರೇ ಕಾರು. ಸಭೆಯವರೆಲ್ಲ ಲೊಚಗುಟ್ಟಿದರು, ಎಲ್ಲರಿಗಿಂತ ಜೋರಾಗಿ ನಾನು. "ಕಳೆದ ತಿಂಗಳ ಒಂದು ಶನಿವಾರ. ಹೋಟೆಲ್ ಬರುವ ಮೊದಲೇ ಹೀಗೆ! ಕಸ ಬೇರೆ ಎಸೆದಿದ್ದಾರೆ," ಎಂದು ಫೋಟೋ ಹಿಗ್ಗಿಸಿದರು. ರಸ್ತೆಯ ನಡುವೆ ಕುಂಕುಮ ಮೆತ್ತಿದ ಬೂದುಗುಂಬಳಕಾಯಿ ಹೋಳಾಗಿ ಬಿದ್ದಿತ್ತು.

ವೀಣಾ ನನ್ನ ತೊಡೆ ಚಿವುಟಿದಳು. "ರೀ, ನಮ್ಮನ್ಯಾಗ ಸತ್ಯನಾರಾಯಣ ಪೂಜಾ ಇತ್ತಲ್ಲ, ಆವತ್ತಿನ ಫೋಟೋರೀ ಅದು!"

ಹೌದು, ಆವತ್ತಿನದೇ. ಪುರೋಹಿತರು ಹೇಗೂ ಬಂದಿದ್ದಾರಲ್ಲ ಎಂದು ಹಿಲ್ಸ್‌ಬರೋದ ಗೆಳೆಯ ಪ್ರಸಾದ್ ತನ್ನ ಹೊಸ ಕಾರಿಗೂ ಪೂಜೆ ಮಾಡಿಸಿ, ಕುಂಬಳಕಾಯಿ ಒಡೆದಿದ್ದ. "ಸರ್, ಪಾರ್ಕಿಂಗ್ ಇದ್ಯಾ?" ಎಂದು ಫೋನಿನಲ್ಲಿ ಕೇಳಿದವರಿಗೆಲ್ಲ "ಬನ್ನಿ ಬನ್ನಿ, ರಸ್ತೆ ಪೂರ್ತಿ ನಮ್ದೇ," ಎಂದವನು ನಾನು. ಪೂಜೆಯ ಪ್ರಸಾದಕ್ಕೆ ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡುವ ಹಾಗಿಲ್ಲವಲ್ಲ. ಚಳಿಗೆ ಎಲ್ಲರೂ ಓಡೋಡಿ ಒಳಗೆ ಸೇರಿದ್ದರಿಂದ ಡೊರೊತಿಗೆ ಕಂಡದ್ದು ಕಾರುಗಳು ಮಾತ್ರ.

ವಕೀಲರು ಮೆಲ್ಲಗೆ ಎದ್ದರು. "ಆ ಶನಿವಾರ ಹಿಮವೇ ಇರಲಿಲ್ಲ, ಸ್ಕೀ ಗುಡ್ಡವನ್ನೇ ಮುಚ್ಚಿದ್ದೆವು."

"ಹಾಗಾದರೆ ಇವರೆಲ್ಲ ಯಾರು?" ಎಂದರು ಡೊರೊತಿ.

ನಾನು ಎದ್ದು ನಿಂತೆ. "ನಮ್ಮ ಮನೆಯವರು."

"ಇಷ್ಟೂ ಜನವಾ?" ಎಂದರು ಸಭೆಯ ಅಧ್ಯಕ್ಷರು.

"ಕೆಲವರಿಗೆ ಬರಲಾಗಲಿಲ್ಲ," ಎಂದೆ.

ಸಭೆ ಬಿದ್ದು ಬಿದ್ದು ನಕ್ಕಿತು. ಡೊರೊತಿ ನಗಲಿಲ್ಲ. ತೀರ್ಮಾನ ಮುಂದಕ್ಕೆ ಹೋಯಿತು. ಅವರ ಸಾಕ್ಷಿಯನ್ನು ನಾನೇ ಹಾಳು ಮಾಡಿದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಬಾಗಿಲಲ್ಲಿ ವಕೀಲರು ನನ್ನ ಕೈ ಕುಲುಕಿ, "ಹೋಟೆಲಿನಲ್ಲಿ ದೊಡ್ಡ ಫಂಕ್ಷನ್ ಹಾಲ್ ಬರುತ್ತದೆ, ಅತಿಥಿಗಳಿಗೆ ಪಾರ್ಕಿಂಗ್ ಉಚಿತ," ಎಂದು ಕಾರ್ಡು ಕೊಟ್ಟರು. ಯಾರೂ ನೋಡುವ ಮೊದಲೇ ಜೇಬಿಗಿಳಿಸಿದೆ.

ಹೊರಗೆ ಡೊರೊತಿ ಕಾಯುತ್ತಿದ್ದರು. ಬೈಗುಳಕ್ಕೆ ಸಿದ್ಧನಾದೆ.

"ನೀನು ಇಡೀ ನ್ಯೂಜೆರ್ಸಿಯನ್ನು ಕರೆದೆ," ಎಂದರು. "ಕಾರಿಲ್ಲದೆ ನಡೆದು ಬರಬಹುದಾಗಿದ್ದವಳು ನಾನೊಬ್ಬಳೇ. ನನ್ನನ್ನು ಮಾತ್ರ ಕರೆಯಲಿಲ್ಲ."

ಕೈ ಮುಗಿದು ಕ್ಷಮೆ ಕೇಳೋಣವೆಂದುಕೊಂಡೆ. ಆದರೆ ಒಂದು ಕೈ ಇನ್ನೂ ಜೇಬಿನಲ್ಲಿ ಆ ಕಾರ್ಡನ್ನೇ ಹಿಡಿದುಕೊಂಡಿತ್ತು.