ಮಾಂಸದಂಗಡಿ ದಪ್ಪಣ್ಣನ ತರಕಾರಿ ಯಾತ್ರೆ

ಬಸ್ಸಿನಲ್ಲಿ ಆ ಒಂದು ಸುಳ್ಳು ಹೇಳದೆ ಸುಮ್ಮನೆ ಆಕಳಿಸಿದ್ದರೆ ದಪ್ಪಣ್ಣನ ಹಲ್ಲು ಉಳಿಯುತ್ತಿತ್ತು.

ದಪ್ಪಣ್ಣನದು ಪೇಟೆಯ ತುದಿಯಲ್ಲಿ ಮಾಂಸದಂಗಡಿ. ಅಪ್ಪನ ಕಾಲದಿಂದ ಬಂದ ಕಸುಬು. ಕತ್ತಿ ಎತ್ತಿದರೆ ಒಂದೇ ಏಟು, ಎರಡು ತುಂಡು. ಆದರೆ ಕೆಲವು ತಿಂಗಳಿಂದ ಅವನಿಗೊಂದು ವಿಚಿತ್ರ ಅಂಟಿಕೊಂಡಿತ್ತು. ತಟ್ಟೆಯಲ್ಲಿ ಮಾಂಸ ಕಂಡರೆ ಸಾಕು, ಗಂಟಲು ಬಾಗಿಲು ಹಾಕಿಕೊಳ್ಳುತ್ತಿತ್ತು. ಸೊಪ್ಪು, ತರಕಾರಿ ಮಾತ್ರ ಸಲೀಸಾಗಿ ಇಳಿಯುತ್ತಿದ್ದವು.

"ಹೊರಗೆ ಗೊತ್ತಾದ್ರೆ ಅಂಗಡಿ ಮುಚ್ಚೋದೇ ಗತಿ. ತಾನು ಮುಟ್ಟದ್ದನ್ನ ನಮಗೆ ಕಟ್ಟಿಕೊಡ್ತಾನೆ ಅಂತ ಜನ ಉಗೀತಾರೆ" ಎಂದು ಹೆಂಡತಿ ಬಾಯಿ ಹೊಲಿದುಕೊಂಡಿದ್ದಳು.

ನಗರದಲ್ಲಿ ಸಸ್ಯಾಹಾರ ಮೇಳ, ಒಂದೇ ದಿನ, ಸಂಜೆಗೆ ಮುಗಿಯುತ್ತದೆ ಎಂದು ರೇಡಿಯೋದಲ್ಲಿ ಕೇಳಿದಾಗಿನಿಂದ ದಪ್ಪಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಡಿಗೂ ಅವತ್ತು ರಜೆ. ಬೆಳಿಗ್ಗೆಯೇ ಬಸ್ಸು ಹತ್ತಿ, ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ಕೋಳಿ ಕದ್ದವನ ಹಾಗೆ ಮೂಲೆಯಲ್ಲಿ ಮುದುರಿ ಕೂತ.

"ಅರೆ, ಅಣ್ಣ! ಇಷ್ಟು ಬೆಳಿಗ್ಗೆ ಎಲ್ಲಿಗೆ ಸವಾರಿ?"

ಪಕ್ಕದಂಗಡಿಯ ಕ್ಷೌರಿಕ! ಊರಿನ ಸುದ್ದಿಯೆಲ್ಲ ಕೂದಲಿನ ಜೊತೆಗೆ ಅವನ ಅಂಗಡಿಯಲ್ಲೇ ಉದುರುವುದು. ಮೇಲಾಗಿ ಪ್ರತಿ ಭಾನುವಾರ ಮಾಂಸಕ್ಕೆ ತಪ್ಪದೆ ಬರುವ ಮೊದಲ ಗಿರಾಕಿ. ದಪ್ಪಣ್ಣನ ಕೈ ತಾನಾಗಿ ಕೆನ್ನೆಗೆ ಹೋಯಿತು.

"ಹಲ್ಲುನೋವು ಮಾರಾಯ. ಡಾಕ್ಟ್ರ ಹತ್ರ ಹೊರಟೆ."

ಕ್ಷೌರಿಕ ಒಂದು ಕ್ಷಣ ಯೋಚಿಸಿದ. ಆಮೇಲೆ ಅವನ ಮುಖ ಅರಳಿತು. "ಒಬ್ರನ್ನೇ ಬಿಡ್ತೀನಾ? ಬಸ್‌ಸ್ಟ್ಯಾಂಡ್ ಎದುರೇ ನನ್ನ ಷಡ್ಡಕ ಹಲ್ಲಿನ ಡಾಕ್ಟ್ರು. ನಾನೇ ಕೂತು ತೋರಿಸ್ತೀನಿ."

"ಬೇಡ ಬೇಡ, ಈಗ ಕಮ್ಮಿ ಆಗಿದೆ."

"ಹಲ್ಲುನೋವಿನ ಬುದ್ಧಿಯೇ ಅದು. ಬಸ್ಸಲ್ಲಿ ಕಮ್ಮಿ ಆಗುತ್ತೆ, ಇಳಿದ ಮೇಲೆ ಪ್ರಾಣ ತಿನ್ನುತ್ತೆ."

ಮುಂದಿನ ಸೀಟಿನ ಅಜ್ಜಿ ತಿರುಗಿ, "ಲವಂಗ ಕಚ್ಚಿಕೋ ಮಗಾ" ಎಂದಳು. ಕಂಡಕ್ಟರು ತನ್ನ ಸೋದರಮಾವನ ದವಡೆ ಕುಂಬಳಕಾಯಿಯಾದ ಕತೆ ಬಿಚ್ಚಿದ. ನಗರ ಬರುವಷ್ಟರಲ್ಲಿ ಬಸ್ಸಿಗೆ ಬಸ್ಸೇ ದಪ್ಪಣ್ಣನ ಹಲ್ಲಿನ ಚಿಂತೆಯಲ್ಲಿ ಮುಳುಗಿತ್ತು. ಇಳಿದವನೇ ಅವನು ಜನರ ನಡುವೆ ನುಸುಳಲು ನೋಡಿದ. "ಹೆದರಿ ಓಡ್ತಿದಾನೆ, ಹಿಡ್ಕೊಳ್ರೋ!" ಎಂದು ಕೂಗಿದವಳು ಅದೇ ಅಜ್ಜಿ.

ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಡಾಕ್ಟರ ಕುರ್ಚಿಯ ಮೇಲೆ ದಪ್ಪಣ್ಣ ಬಾಯಿ ತೆರೆದ.

"ಇಲ್ಲಿ ನೋಯುತ್ತಾ?"

"ಇಲ್ಲ."

"ಇಲ್ಲಿ?"

"ಎಲ್ಲೂ ಇಲ್ಲ ಸಾರ್. ಬಿಟ್ಬಿಡಿ."

"ಭಯಕ್ಕೆ ಹಾಗಂತಾರೆ, ಬಿಡ್ಬೇಡ!" ಎಂದು ಕ್ಷೌರಿಕ ಹಿಂದಿನಿಂದ ಹುರಿದುಂಬಿಸಿದ.

ಡಾಕ್ಟರು ಬಾಯೊಳಗೆ ಇನ್ನಷ್ಟು ಬಗ್ಗಿ ನೋಡಿ ಕೂಗಿದರು. "ಅಬ್ಬಾ! ಕೊನೆ ಹಲ್ಲು ಒಳಗೆಲ್ಲ ಟೊಳ್ಳು! ಇಷ್ಟು ದಿನ ಹೇಗೆ ತಡ್ಕೊಂಡ್ರಿ?"

ಸುಳ್ಳಿಗೆ ಹಲ್ಲೇ ಸಾಕ್ಷಿ ಹೇಳಿದ ಮೇಲೆ ಇನ್ನೇನು ಮಾತು? ಸೂಜಿ ಚುಚ್ಚಿದರು, ಇಕ್ಕಳ ಹಾಕಿದರು, ಎಳೆದರು. ದಿನಾ ಮೂಳೆ ಕಡಿಯುವ ಮನುಷ್ಯ ಕುರಿಮರಿಯ ಹಾಗೆ ಅರಚಿದ. ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ಎದ್ದು ನೋಡಿದರೆ ಕ್ಷೌರಿಕ ನಾಪತ್ತೆ. ಏನೋ ಅರ್ಜೆಂಟು ಕೆಲಸವಂತೆ.

"ಇವತ್ತು ಏನೂ ಅಗಿಯೋ ಹಾಗಿಲ್ಲ" ಎಂದರು ಡಾಕ್ಟರು.

ದಪ್ಪಣ್ಣ ಕೇಳಿಸಿಕೊಂಡರೆ ತಾನೆ! ಹೊತ್ತು ಇಳಿಯುತ್ತಿತ್ತು. ಆಟೋ ಸಿಗಲಿಲ್ಲ, ಅರ್ಧ ಓಡಿ, ಅರ್ಧ ಏದುಸಿರು ಬಿಡುತ್ತ ಮೇಳದ ಬಾಗಿಲು ಮುಟ್ಟಿದ.

ಒಳಗೆ ಸ್ವರ್ಗವೇ ಒಲೆ ಹಚ್ಚಿಕೊಂಡು ಕೂತಿತ್ತು. ಕೆಂಡದ ಮೇಲೆ ಬದನೆಕಾಯಿ ಸಿಡಿಯುತ್ತಿತ್ತು, ಬೆಣ್ಣೆಯಲ್ಲಿ ಅಣಬೆ ಹೊರಳುತ್ತಿತ್ತು. ಒಬ್ಬಳು ಸೋಯಾದಲ್ಲಿ ಥೇಟ್ ಕುರಿಯ ತೊಡೆಯನ್ನೇ ಮಾಡಿಟ್ಟಿದ್ದಳು. ಅದರ ಮೂಳೆ ತಿರುವುಮುರುವಾಗಿದ್ದುದನ್ನು ಕಂಡು ದಪ್ಪಣ್ಣನ ಕೈ ತುರಿಸಿತು. ಅಗಿಯುವಂತಿರಲಿಲ್ಲವಲ್ಲ, ಹತ್ತಿಯನ್ನು ಕೆನ್ನೆಗೆ ಸರಿಸಿ ಟೊಮೆಟೊ ಸೂಪು ಕೊಂಡು ಗುಟುಕರಿಸಿದ. ಮರಗಟ್ಟಿದ ತುಟಿಯಿಂದ ಅದು ನೆಟ್ಟಗೆ ಅಂಗಿಗೆ ಇಳಿಯಿತು. ರುಚಿಯೂ ಇಲ್ಲ, ಬಿಸಿಯೂ ಇಲ್ಲ. ಅಳು ಬಂತು.

ಆಗ ಎದುರಿಗೆ, ಎರಡೂ ಕೆನ್ನೆ ಉಬ್ಬಿಸಿಕೊಂಡು ಅಣಬೆ ಮುಕ್ಕುತ್ತ ಬಂದ ಕ್ಷೌರಿಕ. ಅಂಗಿಯೆಲ್ಲ ಕೆಂಪಾಗಿ, ಕಣ್ಣು ಒದ್ದೆಯಾಗಿ ನಿಂತ ಕಟುಕನನ್ನು ಕಂಡವನೇ ತಟ್ಟೆ ಕೆಳಗಿಟ್ಟು ಕೈ ಮುಗಿದುಬಿಟ್ಟ.

"ತಪ್ಪಾಯ್ತಣ್ಣ! ನನ್ನನ್ನ ಹಿಡಿಯೋಕೇ ಬಂದ್ರಾ? ಹೌದು, ಮಾಂಸ ಬಿಟ್ಟು ಆರು ತಿಂಗಳಾಯ್ತು. ಕೊಳ್ಳೋದು ಬಿಟ್ರೆ ನಿಮಗೆ ನೋವಾಗುತ್ತೆ ಅಂತ ಭಾನುವಾರ ಕೊಂಡು ನಾಯಿಗೆ ಹಾಕ್ತಿದ್ದೆ. ನೀವು ಆ ಕುರ್ಚಿ ಮೇಲಿದ್ರೆ ನಾನು ನಿಶ್ಚಿಂತೆಯಾಗಿ ಇಲ್ಲಿ ತಿಂದು ಹೋಗ್ಬಹುದು ಅಂದ್ಕೊಂಡೆ."

ದಪ್ಪಣ್ಣನ ಎದೆಯಿಂದ ಭಾರ ಇಳಿದಂತಾಯಿತು. 'ನಾನೂ ಬಿಟ್ಟೆ ಕಣೋ' ಎಂದು ತಬ್ಬಿಕೊಳ್ಳಲು ಹೋದ. ಹತ್ತಿಯ ಸಂದಿಯಿಂದ ಹೊರಟದ್ದು, "ಆನೂ ಎಟ್ಟೆ!"

"ಕೆಟ್ಟೆ ಅಂತೀರಾ?" ಕ್ಷೌರಿಕನ ಕಣ್ಣಲ್ಲಿ ನೀರು ಬಂತು. "ನನ್ನಿಂದ ನೀವು ಕೆಡೋದು ಬೇಡಣ್ಣ. ಇನ್ಮೇಲೆ ಭಾನುವಾರ ಎರಡರಷ್ಟು ತಗೋತೀನಿ. ನಾಯಿಗಲ್ಲ, ನಮ್ಮನೇಲೇ ಅಡುಗೆ, ನಾನೇ ತಿಂತೀನಿ. ನೀವೂ ಬಂದು ನನ್ನ ಎದುರು ಕೂತು ತಿನ್ಬೇಕು!"

ದಪ್ಪಣ್ಣ ಗಾಬರಿಯಿಂದ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದ.

"ಇನ್ನೂ ಸಿಟ್ಟು ಇಳಿದಿಲ್ವಾ? ಹಾಗಾದ್ರೆ ಬುಧವಾರನೂ ಬನ್ನಿ."

ಇನ್ನೊಮ್ಮೆ ತಲೆ ಅಲ್ಲಾಡಿಸಿದ.

"ಆಯ್ತು, ಶುಕ್ರವಾರನೂ!"

ದಪ್ಪಣ್ಣ ಎರಡೂ ಕೈಯಿಂದ ತನ್ನ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಅಲುಗಾಡದೆ ನಿಂತುಬಿಟ್ಟ.